ಬೊಲಿವಿಯಾದಲ್ಲಿ ಮಿತವ್ಯಯದ ಪ್ರವಾಸ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಹಿರಿಯರ ಮಾತನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಆದರೆ ದೇಶ ಸುತ್ತುವುದು ಸಿರಿವಂತರ ಭಾಗ್ಯವೆಂದು ಬಗೆದು ಸುಮ್ಮನೆ ಕುಳಿತವರೇ ಹೆಚ್ಚು. ಹಾಸಿಗೆ ಇದ್ದಷ್ಟೇ ಕಾಲು ಚಾಚುವವರಿಗೂ ದೂರದ ನಾಡು ಎಟುಕುತ್ತದೆ ಎಂಬುದನ್ನು ನಾವು 2018ರ ಜುಲೈ ತಿಂಗಳಲ್ಲಿ ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ ಕಂಡುಕೊಂಡೆವು. ಬೆನ್ನಿಗೊಂದು ಚೀಲ, ಜೊತೆಗೆ ಸ್ಪ್ಯಾನಿಷ್ ಭಾಷೆಯನ್ನು ಅಷ್ಟಿಷ್ಟು ಬಲ್ಲ ನಮ್ಮ ತಮ್ಮನ ಮಗ. ಇಷ್ಟೇ ನಮ್ಮ ಪರಿವಾರ. ವಿಮಾನದ ಟಿಕೇಟಿಗೆ ತೆತ್ತ ಮೇಲೆ ಉಳಿದ ಹಣ ಅಲ್ಪವಾಗಿದ್ದುದರಿಂದ, ಇಬ್ಬರ ಊಟ, ವಸತಿ, ಪ್ರಯಾಣಗಳಿಗೆ ದಿನಕ್ಕೆ 200 ಬೊಲಿವಿಯಾನೊ ಮೀರಬಾರದೆಂದು ನಿಶ್ಚಯಿಸಿದ್ದೆವು. ಅಂದಿನ ಲೆಕ್ಕದಲ್ಲಿ ಒಂದು ಬೊಲಿವಿಯಾನೊ ಎಂದರೆ ಸುಮಾರು 10 ರೂಪಾಯಿ.

ಬೊಲಿವಿಯಾಕ್ಕೆ ಸಮುದ್ರತೀರವಿಲ್ಲ. 1879ರಲ್ಲಿ ಆರಂಭವಾದ ಯುದ್ಧದಲ್ಲಿ ತನ್ನ ಕರಾವಳಿಯನ್ನು ಅದು ಚಿಲಿ ದೇಶಕ್ಕೆ ಕಳೆದುಕೊಂಡಿತು. ಸಂವಿಧಾನದ ಪ್ರಕಾರ ರಾಜಧಾನಿ ಸೂಕ್ರೆ. ಸರ್ಕಾರ ನಡೆಯುವುದು ಲಾ ಪಾಜ್ ನಗರದಿಂದ. ಅಲ್ಲಿಯ ವಿಮಾನ ನಿಲ್ದಾಣವಿರುವ ಎಲ್ ಆಲ್ಟೊ ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದಲ್ಲಿದೆ. ವಿಮಾನದಿಂದಿಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಏದುಸಿರು ಬರುತ್ತದೆ, ತಲೆ ಸಿಡಿಯುತ್ತದೆ. ಅರವತ್ತು ದಾಟಿದ ನಮ್ಮಂಥವರು ಹೊರಡುವ ಮುನ್ನ ವೈದ್ಯರನ್ನು ಕಾಣುವುದೂ, ಮೊದಲ ಎರಡು ದಿನ ವಿಶ್ರಮಿಸುವುದೂ ಅವಶ್ಯ. ಸ್ಥಳೀಯರು ಕೋಕಾ ಎಲೆಯ ಕಷಾಯವನ್ನು ಕೊಡುತ್ತಾರೆ. ಅಲ್ಲಿ ಅದು ಕಾನೂನುಬದ್ಧ; ಆದರೆ ಒಂದೆಲೆಯನ್ನೂ ಚೀಲದಲ್ಲಿಟ್ಟು ನಮ್ಮ ದೇಶಕ್ಕೆ ತರಕೂಡದು.

ಲಾ ಪಾಜ್ ನಗರವನ್ನು ನೋಡಲು ಬಾಡಿಗೆ ಕಾರು ಬೇಕಿಲ್ಲ. 2014ರಲ್ಲಿ ಆರಂಭವಾದ ತಂತಿಮಾರ್ಗದ ತೊಟ್ಟಿಲುಗಳು ಮೇಲಿನ ಎಲ್ ಆಲ್ಟೊವನ್ನೂ ಕಣಿವೆಯ ನಗರವನ್ನೂ ಜೋಡಿಸುತ್ತವೆ. ನಾವು ಹೋದಾಗ ಒಂದು ಪಯಣಕ್ಕೆ 3 ಬೊಲಿವಿಯಾನೊ ಇತ್ತು. ಕೆಲಸಕ್ಕೆ ಹೊರಟ ಕೂಲಿಗಳು, ಶಾಲೆಯ ಮಕ್ಕಳು, ಗೋಲ ಟೋಪಿ ಧರಿಸಿ ನೆರಿಗೆ ಲಂಗ ತೊಟ್ಟ ಐಮಾರಾ ತಾಯಂದಿರು ನಮ್ಮ ಸಹಪ್ರಯಾಣಿಕರು. ಕಿಟಕಿಯಾಚೆ 6,400 ಮೀಟರಿಗೂ ಎತ್ತರವಾದ ಇಲಿಮಾನಿಯ ಹಿಮಶಿಖರ.

ಸಸ್ಯಾಹಾರಿಗಳ ಪಾಡೇನು ಎಂದು ವಾಚಕರು ಕೇಳಬಹುದು. ಸಂತೆಯ ಕಟ್ಟೆಗಳಲ್ಲಿ ಮಧ್ಯಾಹ್ನದ ಊಟ ಅಗ್ಗ. ಆದರೆ ಮಾಂಸ ಬೇಡವೆಂದರೆ ತುಂಡುಗಳನ್ನಷ್ಟೇ ತೆಗೆದು ಅದೇ ಸಾರನ್ನು ಬಡಿಸುವುದುಂಟು. ಆದುದರಿಂದ ನಾವು ಬೇಯಿಸಿದ ಆಲೂಗಡ್ಡೆ, ಮೆಕ್ಕೆಜೋಳದ ತೆನೆ, ರೊಟ್ಟಿ, ಬಾಳೆಹಣ್ಣುಗಳನ್ನು ಆಶ್ರಯಿಸಿದೆವು. ವಸತಿಗೃಹದ ಅಡುಗೆಮನೆಯಲ್ಲಿ ಕೀನ್ವಾ ಧಾನ್ಯದ ಗಂಜಿ ಮಾಡಿಕೊಂಡೆವು. ಆ ಎತ್ತರದಲ್ಲಿ ನೀರು ಬೇಗ ಕುದಿದರೂ ಕಾಳು ಬೇಯಲು ಬಹಳ ಹೊತ್ತು ಬೇಕು. ಚಳಿಗಾಲದ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಆಲೂಗಡ್ಡೆಯನ್ನು ಬಯಲಿನಲ್ಲಿ ಹರಡಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ, ವರ್ಷಗಟ್ಟಲೆ ಕೆಡದಂತೆ ಕಾಪಿಡುವ ಚುನ್ಯೊ ಎಂಬ ಪದಾರ್ಥವನ್ನು ಕಂಡಾಗ ನಮ್ಮ ತಾಯಂದಿರ ಹಪ್ಪಳ ಸಂಡಿಗೆಗಳ ಮುಂಜಾಗ್ರತೆ ನೆನಪಾಯಿತು. ನಾವು ನಿತ್ಯ ಚಟ್ನಿಪುಡಿ ಮಾಡುವ ಶೇಂಗಾದ ಮೂಲನೆಲೆಯೂ ದಕ್ಷಿಣ ಬೊಲಿವಿಯಾ ಮತ್ತು ಅದಕ್ಕೆ ತಾಗಿದ ಅರ್ಜೆಂಟೀನದ ಪ್ರದೇಶವೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ.

ಉಯುನಿ ಊರಿಗೆ ರಾತ್ರಿಯ ಬಸ್ಸಿನಲ್ಲಿ ಹೋದೆವು. ಒಂದು ರಾತ್ರಿಯ ವಸತಿಯ ಖರ್ಚು ಉಳಿಯಿತು. ಅಲ್ಲಿಯ ಉಪ್ಪಿನ ಬಯಲು 10,000 ಚದರ ಕಿಲೋಮೀಟರಿಗೂ ವಿಸ್ತಾರವಾದುದು. ಮೂರು ದಿನದ ಸುತ್ತಾಟ ನಮ್ಮ ಲೆಕ್ಕಕ್ಕೆ ನಿಲುಕಲಿಲ್ಲ. ಅಪರಿಚಿತರೊಂದಿಗೆ ಜೀಪು ಹಂಚಿಕೊಂಡು ಒಂದೇ ದಿನ ನೋಡಿ ಬಂದೆವು. ದಿಗಂತದವರೆಗೂ ಬಿಳುಪು, ಮೇಲೆ ಕಡುನೀಲಿ ಆಕಾಶ. ಅಲ್ಲಿ ಮಾತು ತಾನಾಗಿ ನಿಲ್ಲುತ್ತದೆ.

ಅಲ್ಲಿಂದ ಪೊಟೊಸಿಗೆ ಬಸ್ಸು ಹಿಡಿದೆವು. 1545ರಲ್ಲಿ ಈ ಊರಿನ ಬೆಟ್ಟದಲ್ಲಿ ಬೆಳ್ಳಿ ದೊರೆಯಿತು. ಸ್ಪೇನಿನ ಆಳರಸರು ಸರದಿಯ ಕಡ್ಡಾಯ ದುಡಿಮೆಯನ್ನು ವಿಧಿಸಿ ಹಳ್ಳಿಹಳ್ಳಿಗಳ ಗಂಡಸರನ್ನು ಗಣಿಗೆ ತಳ್ಳಿದರು. ಅಮೆರಿಕದ ಆ ಬೆಳ್ಳಿ ಸಾಗರ ದಾಟಿ, ಮೆಣಸು ಬಟ್ಟೆಗಳ ಬೆಲೆಯಾಗಿ ಭಾರತಕ್ಕೂ ಬಂದು, ಮೊಗಲರ ಟಂಕಸಾಲೆಗಳಲ್ಲಿ ರೂಪಾಯಿಯಾಯಿತು. ಪೊಟೊಸಿಯ ಹಳೆಯ ಟಂಕಸಾಲೆ ಇಂದು ವಸ್ತುಸಂಗ್ರಹಾಲಯ. ಬೆಟ್ಟದಲ್ಲಿ ಮಾತ್ರ ದುಡಿಮೆ ನಿಂತಿಲ್ಲ. ಸಹಕಾರಿ ಸಂಘಗಳ ಗಣಿಗಾರರು ಇಂದಿಗೂ ಕಲ್ಲುಧೂಳು ನುಂಗುತ್ತ ತವರ, ಸತುವು, ಬೆಳ್ಳಿಗಳನ್ನು ಅಗೆಯುತ್ತಾರೆ. ಶ್ವಾಸಕೋಶ ಕೆಟ್ಟು ಅಕಾಲದಲ್ಲಿ ಸಾಯುವವರು ಅನೇಕರು. ಪ್ರವಾಸಿಗಳನ್ನು ಸುರಂಗದೊಳಗೆ ಕರೆದೊಯ್ಯುವ ವ್ಯವಸ್ಥೆಯಿದೆ. ನಾವು ಒಳಗೆ ಹೋಗಲಿಲ್ಲ. ಇನ್ನೊಬ್ಬರ ಸಂಕಟವನ್ನು ಟಿಕೇಟು ಕೊಂಡು ನೋಡಲು ಮನಸ್ಸೊಪ್ಪಲಿಲ್ಲ.

ಅಂದು ಸಂಜೆ ಸಂತೆಯಲ್ಲಿ ಒಬ್ಬ ವೃದ್ಧೆ ಉಣ್ಣೆಯ ಟೋಪಿಗೆ 40 ಬೊಲಿವಿಯಾನೊ ಹೇಳಿದಳು. ಹುಡುಗ 20ಕ್ಕೆ ಕೇಳಿದ.

"ದೊಡ್ಡಪ್ಪಾ, ಅರ್ಧದಿಂದಲೇ ಚೌಕಾಸಿ ಆರಂಭಿಸಬೇಕೆಂದು ಪ್ರವಾಸದ ಪುಸ್ತಕಗಳಲ್ಲಿ ಬರೆದಿರುತ್ತಾರೆ. ನಾವೂ ಲೆಕ್ಕ ಹಾಕಿ ಬಂದವರೇ ಅಲ್ಲವೇ?" ಎಂದನು.

"ಹೆಣೆಯಲು ಎಷ್ಟು ದಿನ ಹಿಡಿಯಿತೆಂದು ಕೇಳಪ್ಪ" ಎಂದೆವು.

ವೃದ್ಧೆ ಮೂರು ಬೆರಳು ತೋರಿಸಿದಳು. ಹುಡುಗ ಮರುಮಾತಿಲ್ಲದೆ 40 ಎಣಿಸಿ ಕೊಟ್ಟನು. ಆಕೆ ಉಣ್ಣೆಯ ದಾರದಲ್ಲಿ ನೇಯ್ದ ಒಂದು ಪಟ್ಟಿಯನ್ನು ಟೋಪಿಯ ಮೇಲಿಟ್ಟು "ಯಾಪ" ಎಂದಳು. ಆ ನಾಡಿನ ಸಂತೆಯಲ್ಲಿ ಕೊಂಡವರಿಗೆ ಮೇಲೊಂದಿಷ್ಟು ಕೊಡುವುದನ್ನು ಹಾಗೆನ್ನುತ್ತಾರೆ. ನಮ್ಮ ಸಂತೆಯ ಕೊಸರು ಇದೇ ಅಲ್ಲವೇ! ಬೆಲೆ ಇಳಿಸಿದರೆ ಮಾರುವವರ ದುಡಿಮೆ ಕಿರಿದಾಗುತ್ತದೆ. ಕೊಸರಿನಲ್ಲಿ ಇಬ್ಬರ ಮಾನವೂ ಉಳಿಯುತ್ತದೆ. ಆ ದಿನದ ಲೆಕ್ಕ ಮೀರಿದ್ದರಿಂದ ವಸತಿಗೆ ನಡೆದೇ ಹೋಗಿ, ರೊಟ್ಟಿ ಬಾಳೆಹಣ್ಣಿನಲ್ಲಿ ರಾತ್ರಿ ಕಳೆದೆವು.

ಚೀಲ ಬೆನ್ನಿಗೇರಿಸಿ ಹೊರಡುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಈಗ ಇದ್ದಾರೆ. ಅವರನ್ನು ತಡೆಯದಿರಿ, ಹೀಗೆ ಹೇಳಿ ಕಳುಹಿಸಿ. ಬೊಲಿವಿಯಾದಿಂದ ಮರಳುವವರು ಭಾರತದಲ್ಲಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಚುಚ್ಚಿಸಿಕೊಳ್ಳಲಿ. ಬೆಚ್ಚನೆಯ ಉಡುಪು, ಔಷಧಿ, ವಿಮೆಗಳಲ್ಲಿ ಕೈ ಬಿಗಿಹಿಡಿಯದಿರಲಿ. ಉಳಿಸುವುದಾದರೆ ತಮ್ಮ ಹಾಸಿಗೆಯಲ್ಲಿ, ತಮ್ಮ ತಟ್ಟೆಯಲ್ಲಿ, ತಮ್ಮ ಸವಾರಿಯಲ್ಲಿ ಉಳಿಸಲಿ. ಬಡವರ ಕೂಲಿಯಲ್ಲಿ ಉಳಿಸಿದ ಹಣ ಮಿತವ್ಯಯವೆನಿಸದು.