ಮಿತಿಯಲ್ಲದ ಮಿತಿ

ಡೇಟಾಬೇಸಿನ ಟೇಬಲ್‌ಗೆ ಮೊದಲ ಸಾಲು, ಕೊನೆಯ ಸಾಲು ಎಂಬುದಿಲ್ಲ. 1970ರಲ್ಲಿ ಎಡ್ಗರ್ ಕಾಡ್ ಈ ಬಗೆಯ ಡೇಟಾಬೇಸಿನ ಕಲ್ಪನೆ ಮುಂದಿಟ್ಟಾಗ ಸಾಲುಗಳನ್ನು ಗಣಿತದ ಗಣದಂತೆ ಕಂಡರು. ಗಣದಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

2009ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಸ್ಪಾರ್ಕ್‌ನ ಕಸುಬೇ ಬೇರೆ: ಕೆಲಸವನ್ನು ತುಂಡು ಮಾಡಿ ಹಲವು ಯಂತ್ರಗಳಿಗೆ ಹಂಚುವುದು. ಆದರೆ ಎಲ್ಲಿ ಕತ್ತರಿಸಬೇಕೆಂದು ಟೇಬಲ್ ತಾನಾಗಿ ಹೇಳುವುದಿಲ್ಲ. ಹಾಗಾಗಿ ಬೇರೇನೂ ಸೂಚಿಸದೆ ಜೆಡಿಬಿಸಿ ಮೂಲಕ ಓದಿಸಿದರೆ, ಸ್ಪಾರ್ಕ್ ಒಂದೇ ಸಂಪರ್ಕದಲ್ಲಿ, ಒಂದೇ ತುಂಡಾಗಿ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಎಲೆ ಹಾಕಿ ಕೂತ ಪಂಕ್ತಿ ದೊಡ್ಡದು, ಬಡಿಸುವವನು ಒಬ್ಬನೇ.

ಇದಕ್ಕೆ ಪರಿಹಾರವಾಗಿ ನಾಲ್ಕು ವಿಷಯ ಹೇಳಬೇಕು: ಯಾವ ಕಾಲಂ, ಲೋಯರ್ ಬೌಂಡ್, ಅಪ್ಪರ್ ಬೌಂಡ್, ಎಷ್ಟು ತುಂಡು. ಕಾಲಂ ಸಂಖ್ಯೆಯದೋ ದಿನಾಂಕದ್ದೋ ಆಗಿರಬೇಕು. ಎಡವುವುದು ಬೌಂಡ್ ಎಂಬ ಮಾತಿನಲ್ಲಿ. ಕೆಳಮಿತಿ, ಮೇಲ್ಮಿತಿ ಎಂದರೆ ಅದರಾಚೆಯದು ಬರುವುದಿಲ್ಲ ಎಂದೇ ಯಾರಿಗಾದರೂ ಅನಿಸುತ್ತದೆ. ಇಲ್ಲಿ ಅವು ಯಾವ ಸಾಲನ್ನೂ ತಡೆಯುವುದಿಲ್ಲ. ಕತ್ತರಿ ಎಲ್ಲಿ ಬೀಳಬೇಕೆಂದಷ್ಟೇ ತೋರಿಸುತ್ತವೆ.

ಸೊನ್ನೆಯಿಂದ 10 ಲಕ್ಷ, ಹತ್ತು ತುಂಡು ಎಂದು ಬರೆದರೆ ಲಕ್ಷಕ್ಕೊಂದು ಗೆರೆ ಬೀಳುತ್ತದೆ. ಕಾಲಂ ಖಾಲಿಯಿರುವ ಸಾಲುಗಳೆಲ್ಲ ಮೊದಲ ತುಂಡಿಗೆ ಸೇರುತ್ತವೆ. 9 ಲಕ್ಷದಿಂದ ಮೇಲಿನದೆಲ್ಲ ಕೊನೆಯ ತುಂಡಿಗೆ. ಕ್ರಮಸಂಖ್ಯೆ ಎಡೆಬಿಡದೆ 50 ಲಕ್ಷಕ್ಕೆ ಬೆಳೆದರೆ ಆ ಒಂದು ತುಂಡಿನ ಮೇಲೆ ಸುಮಾರು 41 ಲಕ್ಷ ಸಾಲುಗಳ ಹೊರೆ. ಒಂಬತ್ತು ಭಾಗ ಬೇಗ ಮುಗಿಯುತ್ತವೆ, ಹತ್ತನೆಯದು ತೆವಳುತ್ತದೆ. ತಪ್ಪೆಂದು ಸೂಚಿಸುವ ಸಂದೇಶವೂ ಬರುವುದಿಲ್ಲ. ಬೆಳಗಾಗುವಷ್ಟರಲ್ಲಿ ಸಿದ್ಧವಾಗಬೇಕಿದ್ದ ಲೆಕ್ಕ ತಿಂಗಳಿಂದ ತಿಂಗಳಿಗೆ ತಡವಾಗುತ್ತ ಹೋಗುತ್ತದೆ.

ಹಾಗೆಂದು ತುಂಡುಗಳನ್ನು ಇನ್ನೂರಕ್ಕೆ ಏರಿಸಿದರೆ, ಸಾಕಷ್ಟು ಯಂತ್ರಗಳಿದ್ದಲ್ಲಿ, ಇನ್ನೂರು ಸಂಪರ್ಕಗಳು ಒಮ್ಮೆಲೇ ಬಾಗಿಲು ಬಡಿಯುತ್ತವೆ. ಅದೇ ಹೊತ್ತಿಗೆ ಆ ಡೇಟಾಬೇಸ್ ಯಾರದೋ ಟಿಕೆಟ್ಟನ್ನೋ ಹಣ ಪಾವತಿಯನ್ನೋ ದಾಖಲಿಸಿಕೊಳ್ಳುತ್ತಿರಬಹುದು. ಜೊತೆಗೆ ಪ್ರತಿ ತುಂಡೂ ಪ್ರತ್ಯೇಕ ಪ್ರಶ್ನೆ. ಎಲ್ಲವೂ ಒಂದೇ ಕ್ಷಣದ ಚಿತ್ರವನ್ನು ಕಾಣುತ್ತವೆಂಬ ಭರವಸೆಯಿಲ್ಲ. ಒಂದು ತುಂಡು ಓದಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಖಾತೆಯ ಹಣ ಮತ್ತೊಂದಕ್ಕೆ ಹೋದರೆ, ಆ ಹಣ ಎರಡು ಸಲ ಎಣಿಕೆಯಾಗಬಹುದು, ಇಲ್ಲವೇ ಎಲ್ಲೂ ಕಾಣದಿರಬಹುದು.

ಆದ್ದರಿಂದ ತಿಳಿದವರು ಪ್ರತಿ ಸಲವೂ ಮೊದಲು ಕಾಲಂನ ಕನಿಷ್ಠ, ಗರಿಷ್ಠ ಬೆಲೆಗಳನ್ನು ಕೇಳಿ, ಅವನ್ನೇ ಬೌಂಡ್‌ಗಳಾಗಿ ಕೊಡುತ್ತಾರೆ. ಸಾಧ್ಯವಿದ್ದಲ್ಲಿ ಮೂಲ ಡೇಟಾಬೇಸನ್ನು ಬಿಟ್ಟು ಅದರ ಪ್ರತಿಯಿಂದ ಓದಿಸುತ್ತಾರೆ. ಆದರೆ ಸಾಲುಗಳು ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬುದನ್ನು ಕನಿಷ್ಠ, ಗರಿಷ್ಠಗಳು ಹೇಳಲಾರವು. ಅದಕ್ಕೆ ಆ ಟೇಬಲ್ಲನ್ನು ವರ್ಷಗಟ್ಟಲೆ ನೋಡಿಕೊಂಡವರನ್ನೇ ಕೇಳಬೇಕು.