ದಿನವಿಡೀ ನಿಂತವರ ಹಿಮ್ಮಡಿ

ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಹಿಮ್ಮಡಿಯೊಳಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಗೋಡೆ ಹಿಡಿದುಕೊಂಡು, ಪಾದದ ಅಂಚಿನ ಮೇಲೆ ಭಾರ ಹಾಕಿ ಬಚ್ಚಲಿಗೆ ಹೋಗುತ್ತಿದ್ದೆ. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಒಂದಿಷ್ಟು ಸಡಿಲಾಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತು ಎದ್ದರೆ ಮತ್ತೆ ಅದೇ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಇಡೀ ಅಂಗಾಲು ಉರಿಯುತ್ತಿತ್ತು. ಹೆಚ್ಚುಕಮ್ಮಿ ಒಂದು ವರ್ಷ ಈ ನೋವು ಉಂಡಿದ್ದೇನೆ.

ನಾನು ಹುಬ್ಬಳ್ಳಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಗಿರಾಕಿಗಳು ಗಾದಿಯ ಮೇಲೆ ಕೂರುತ್ತಾರೆ, ನಾವು ನಿಂತು ಸೀರೆ ಬಿಡಿಸಿ ತೋರಿಸುತ್ತೇವೆ. ಗಾದಿ ಹಾಸಿದ ಕಡೆ ಚಪ್ಪಲಿ ಹಾಕುವಂತಿಲ್ಲ, ಗ್ರಾನೈಟ್ ನೆಲದ ಮೇಲೆ ದಿನವಿಡೀ ಬರಿಗಾಲು. ಗಿರಾಕಿ ಇಲ್ಲದಾಗಲೂ ಕೂರುವ ರೂಢಿ ಇರಲಿಲ್ಲ. ಮದುವೆ ಸೀಸನ್ನಿನಲ್ಲಂತೂ ಊಟದ ಹೊತ್ತು ಬಿಟ್ಟರೆ ಕಾಲಿಗೆ ಬಿಡುವೇ ಇಲ್ಲ.

ಮನೆಯಲ್ಲಿ ಅತ್ತೆ ಎಕ್ಕದ ಎಲೆ ತಂದು, ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಲೆ ಹಾಸಿ ಹಿಮ್ಮಡಿಗೆ ಶಾಖ ಕೊಟ್ಟರು. ಆ ಹೊತ್ತಿಗೆ ಹಿತವಾಗಿ ನಿದ್ದೆ ಬರುತ್ತಿತ್ತು, ಆದರೆ ಬೆಳಗಿನ ನೋವು ಹೋಗಲಿಲ್ಲ. (ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೊಡ್ಡ ಅಪಾಯ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ತಾಗಿ ಸುಟ್ಟರೂ ಗೊತ್ತಾಗುವುದಿಲ್ಲ.) ನೋವಿನ ಮಾತ್ರೆಯೂ ಅಷ್ಟೇ, ನುಂಗಿದ ದಿನ ಮಾತ್ರ ಆರಾಮ.

ಎಲುಬಿನ ಡಾಕ್ಟರು ಹಿಮ್ಮಡಿಯ ಒಳಮಗ್ಗುಲಲ್ಲಿ ಹೆಬ್ಬೆರಳಿನಿಂದ ಒತ್ತಿದರು. ನಾನು ಚೀರಿದೆ. ಪಾದದಲ್ಲಿ ಜೋಮು ಇದೆಯಾ, ಜ್ವರ ಬರುತ್ತದಾ, ಮಲಗಿದಾಗಲೂ ನೋಯುತ್ತದಾ, ಶುಗರ್ ಇದೆಯಾ ಎಂದು ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ. ಎಕ್ಸ್‌ರೇಯಲ್ಲಿ ಹಿಮ್ಮಡಿಯ ಎಲುಬು ಸಣ್ಣ ಕೊಕ್ಕೆಯ ಆಕಾರದಲ್ಲಿ ಬೆಳೆದಿರುವುದು ಕಂಡಿತು. ‘ಇದಕ್ಕೆ ಹೆದರಬ್ಯಾಡ್ರಿ, ನೋವೇ ಇಲ್ಲದ ಎಷ್ಟೋ ಮಂದಿಗೆ ಇದು ಇರ್ತದ’ ಎಂದರು. ನೋಯುತ್ತಿದ್ದದ್ದು ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಹೋಗುವ ದಪ್ಪ ಪಟ್ಟಿ, ಪ್ಲಾಂಟರ್ ಫೇಷಿಯಾ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಸಡಿಲಬಿದ್ದು ಆ ಪಟ್ಟಿ ಬಿಗಿದುಕೊಂಡಿರುತ್ತದೆ, ಬೆಳಿಗ್ಗೆ ಮೈಭಾರವೆಲ್ಲ ಒಮ್ಮೆಲೇ ಅದನ್ನು ಜಗ್ಗುತ್ತದೆ. ಇಂಜೆಕ್ಷನ್ ಕೊಟ್ಟರೆ ಕೆಲವು ವಾರ ತಗ್ಗಬಹುದು, ಆದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವಿದೆ, ಮೊದಲು ವ್ಯಾಯಾಮ ಮಾಡಿ ನೋಡೋಣ ಎಂದರು.

ನನ್ನನ್ನು ಉಳಿಸಿದ್ದು ಫಿಸಿಯೋಥೆರಪಿಯ ಅಕ್ಕ ಕಲಿಸಿದ ಎರಡು ಕೆಲಸ. ಮೊದಲನೆಯದು ಹಾಸಿಗೆಯಲ್ಲೇ, ಕಾಲು ನೆಲಕ್ಕೆ ತಾಗುವ ಮೊದಲು. ನೋಯುವ ಕಾಲನ್ನು ಇನ್ನೊಂದು ಮಂಡಿಯ ಮೇಲೆ ಅಡ್ಡ ಇಟ್ಟು, ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿದರೆ ಪಟ್ಟಿ ಬಿಗಿದು ನಿಂತದ್ದು ಹೆಬ್ಬೆರಳಿಗೆ ಸಿಗುತ್ತದೆ. ಸಿಗದಿದ್ದರೆ ಎಳೆದದ್ದು ಸಾಲದು. ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬೆಳಗಿನದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬಾರದು ಎಂದು ಆಕೆ ಒತ್ತಿ ಹೇಳಿದ್ದರು. ಕೆಲವು ವಾರಗಳಲ್ಲಿ ಗೋಡೆ ಹಿಡಿಯದೆ ಬಚ್ಚಲಿಗೆ ಹೋದೆ.

ಎರಡನೆಯದು ನೋವು ಸ್ವಲ್ಪ ತಗ್ಗಿದ ಮೇಲೆ. ಟವೆಲ್ ಸುತ್ತಿ ಮೆಟ್ಟಿಲಿನ ಅಂಚಿಗಿಟ್ಟು, ಬೆರಳುಗಳು ಅದರ ಮೇಲೆ ಬರುವಂತೆ ಒಂಟಿಕಾಲಲ್ಲಿ ನಿಂತು, ಮೂರು ಎಣಿಸುತ್ತ ಹಿಮ್ಮಡಿ ಎತ್ತಿ, ಎರಡು ಎಣಿಸುವಷ್ಟು ತಡೆದು, ಮತ್ತೆ ಮೂರು ಎಣಿಸುತ್ತ ಇಳಿಸುವುದು. ದಿನ ಬಿಟ್ಟು ದಿನ. ಹಗುರ ಅನ್ನಿಸತೊಡಗಿದಾಗ ಮಗನ ಸ್ಕೂಲ್ ಬ್ಯಾಗಿಗೆ ಪುಸ್ತಕ ತುಂಬಿ ಬೆನ್ನಿಗೆ ಹಾಕಿಕೊಂಡು ಮಾಡಿದೆ. ಮೀನಖಂಡ ನಡುಗುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಆದರೆ ಕಾಲಿಗೆ ತಾಳುವ ಬಲ ಬಂದದ್ದು ಇದರಿಂದಲೇ ಎಂದು ನಾನು ನಂಬಿದ್ದೇನೆ. ವಾಸಿಯಾಗಲು ತಿಂಗಳುಗಳೇ ಹಿಡಿದವು. ವಾರ ಮಾಡಿ ಗುಣ ಕಾಣಲಿಲ್ಲವೆಂದು ಬಿಟ್ಟವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಮನೆಯೊಳಗೂ ಮೆತ್ತನೆಯ ಚಪ್ಪಲಿ ಬೇಕೆಂದಾಗ ಅಳುಕಿತ್ತು, ನಮ್ಮ ಮನೆಯಲ್ಲಿ ಅದು ನಡೆದು ಬಂದದ್ದಲ್ಲ. ಹೊಸ ಜೋಡಿ ತಂದು ಅತ್ತೆಯವರ ಮುಂದಿಟ್ಟೆ. ‘ಹಾಕ್ಕೋವಾ, ದೇವರ ಮನಿ ಕಡೆ ಮಾತ್ರ ತರಬ್ಯಾಡ’ ಎಂದರು. ಸಂಜೆ ನೀರು ತುಂಬಿ ಫ್ರಿಜ್ಜಿನಲ್ಲಿ ಗಟ್ಟಿಯಾಗಿಸಿದ ಬಾಟಲಿಯನ್ನು ನೆಲದ ಮೇಲಿಟ್ಟು ಅಂಗಾಲಿನಿಂದ ಉರುಳಿಸುತ್ತಿದ್ದೆ. ಉರಿ ಇಳಿಯಲು ಅದು ಒಳ್ಳೆಯದು.

ಮನೆಯಲ್ಲಿ ಇಷ್ಟೆಲ್ಲ ಮಾಡಿ ಅಂಗಡಿಯಲ್ಲಿ ಮತ್ತೆ ದಿನವಿಡೀ ನಿಂತರೆ ಗಳಿಸಿದ್ದೆಲ್ಲ ಹೋಗುತ್ತಿತ್ತು. ಕೇರಳದಲ್ಲಿ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ತರಿಸಿದರು. ತಮಿಳುನಾಡಿನಲ್ಲಿ 2021ರಲ್ಲಿ ಬಂತು. ಅದನ್ನೂ ಡಾಕ್ಟರರ ಚೀಟಿಯನ್ನೂ ಹಿಡಿದು ನಾವು ಕೆಲವರು ಮಾಲಕರ ಹತ್ತಿರ ಹೋದೆವು. ಕೌಂಟರಿನ ಹಿಂದೆ ರಬ್ಬರ್ ಮ್ಯಾಟ್ ಬಂತು, ಎರಡು ಸ್ಟೂಲ್ ಬಂದವು. ಗಿರಾಕಿ ಇಲ್ಲದಾಗ ಸರದಿಯಲ್ಲಿ ಕೂರುತ್ತೇವೆ, ವ್ಯಾಪಾರವೇನೂ ಕಮ್ಮಿಯಾಗಿಲ್ಲ. ಮೇಲಿನ ಮಹಡಿಯ ಹುಡುಗಿಯರಿಗೆ ಇನ್ನೂ ಸ್ಟೂಲ್ ಸಿಕ್ಕಿಲ್ಲ. ದೀಪಾವಳಿ ಗದ್ದಲ ಶುರುವಾಗುವ ಮೊದಲು ಅದನ್ನು ಮತ್ತೆ ಕೇಳಬೇಕು.