ದೇಶದೇಶಗಳಿಂದ ಬಂದ ಓಲೆಗಳು

ಮನುಷ್ಯನು ಸಂಗ್ರಹಪ್ರಿಯನು. ಒಬ್ಬನು ಹೊನ್ನನ್ನು ಕೂಡಿಸಿದರೆ ಮತ್ತೊಬ್ಬನು ಗ್ರಂಥಗಳನ್ನು ಕೂಡಿಸುತ್ತಾನೆ. ಮಠದ ಪಾಠಶಾಲೆಯಲ್ಲಿ ಬೆಳೆದ ನಮಗೆ ನಾಳೆಗೆಂದು ಕೂಡಿಡುವುದು ತರವಲ್ಲವೆಂಬ ಪಾಠ ಬಾಲ್ಯದಲ್ಲಿಯೇ ಆಗಿತ್ತು. ಆದರೂ ನಲವತ್ತು ವರುಷಗಳಿಗೂ ಮಿಕ್ಕಿ ನಾವು ಕೂಡಿಸುತ್ತ ಬಂದ ವಸ್ತುವೊಂದುಂಟು. ಅವು ಹೊರನಾಡುಗಳಿಂದ ಬಂದ ಕಾರ್ಡುಗಳು ಮತ್ತು ಅಂಚೆಚೀಟಿಗಳು. "ಇದೂ ಪರಿಗ್ರಹವಲ್ಲವೇ, ಶಾಸ್ತ್ರಿಗಳೇ?" ಎಂದು ಹಿರಿಯ ಭಕ್ತರೊಬ್ಬರು ಒಮ್ಮೆ ಕೇಳಿದರು. ಪ್ರಶ್ನೆ ಸಾಧುವಾದುದು, ಉತ್ತರ ಹೇಳುವುದು ನಮ್ಮ ಹೊಣೆ.

ಇಂಗ್ಲೆಂಡಿನಲ್ಲಿ ರೋಲೆಂಡ್ ಹಿಲ್ ಅವರ ಸುಧಾರಣೆಯ ಫಲವಾಗಿ 1840ರ ಮೇ ತಿಂಗಳಲ್ಲಿ 'ಪೆನ್ನಿ ಬ್ಲ್ಯಾಕ್' ಎಂಬ ಅಂಚೆಚೀಟಿ ಹೊರಬಂದಿತು. ಅದಕ್ಕೆ ಮೊದಲು ಸಾಮಾನ್ಯವಾಗಿ ಪತ್ರ ಪಡೆದವನೇ ಹಣ ತೆರಬೇಕಾಗಿತ್ತು. 1869ರಲ್ಲಿ ಆಸ್ಟ್ರಿಯಾ-ಹಂಗೇರಿಯು ಕಾರ್ಡನ್ನು ಬಳಕೆಗೆ ತಂದಿತು. ನಮ್ಮ ದೇಶಕ್ಕೆ ಕಾಲಾಣೆಯ ಕಾರ್ಡು ಬಂದುದು 1879ರಲ್ಲಿ. ಇವೆಲ್ಲಕ್ಕಿಂತ ದೊಡ್ಡದು 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ರಾಷ್ಟ್ರಗಳು ಮಾಡಿಕೊಂಡ ಒಪ್ಪಂದ. ಕಳಿಸಿದ ದೇಶವು ತಾನು ಪಡೆದ ಹಣವನ್ನು ತಾನೇ ಇಟ್ಟುಕೊಳ್ಳಬೇಕು. ಮುಟ್ಟಿದ ದೇಶವು ಪ್ರತಿಫಲ ಕೇಳದೆ ಪತ್ರವನ್ನು ಮನೆಬಾಗಿಲಿಗೆ ಒಯ್ಯಬೇಕು. ಇದು ಅಂದಿನ ಮೂಲನಿಯಮ. 1876ರಲ್ಲಿ ಭಾರತವೂ ಆ ಕೂಟವನ್ನು ಸೇರಿತು.

ಚೀಟಿ ಕಿರಿದಾದರೂ ಅದರ ಅರ್ಥ ಹಿರಿದು. ಬ್ರಿಟನ್ನಿನ ಚೀಟಿಯ ಮೇಲೆ ದೇಶದ ಹೆಸರೇ ಇರುವುದಿಲ್ಲ, ಅರಸರ ತಲೆಯ ಚಿತ್ರವೇ ಗುರುತು. ನಾಲ್ಕು ಭಾಷೆಗಳ ಸ್ವಿಟ್ಜರ್ಲೆಂಡು ಯಾವ ಭಾಷೆಗೂ ಪಕ್ಷಪಾತವಾಗದಂತೆ 'ಹೆಲ್ವೇಶಿಯಾ' ಎಂಬ ಲ್ಯಾಟಿನ್ ಹೆಸರನ್ನು ಅಚ್ಚು ಹಾಕುತ್ತದೆ. ಸ್ವತಂತ್ರ ಭಾರತದ ಮೊದಲ ಚೀಟಿಯಲ್ಲಿ, 1947ರ ನವೆಂಬರ್ 21ರಂದು, ರಾಷ್ಟ್ರಧ್ವಜವೂ 'ಜೈ ಹಿಂದ್' ಎಂಬ ಘೋಷವೂ ಮೂಡಿದವು. 1967ರಲ್ಲಿ ಬಸವೇಶ್ವರರ ಚೀಟಿ ಹೊರಬಂದಿತು. ಅದರ ಒಂದು ಪ್ರತಿ ನಮ್ಮ ಪುಸ್ತಕದ ಮೊದಲ ಪುಟದಲ್ಲಿದೆ.

ನಮ್ಮ ಸಂಗ್ರಹದಲ್ಲಿ ಅಳಿದುಹೋದ ರಾಷ್ಟ್ರಗಳೂ ಇವೆ. ಸೋವಿಯತ್ ಒಕ್ಕೂಟವಿದೆ, ಯುಗೋಸ್ಲಾವಿಯಾ ಇದೆ. ಲೈಪ್‌ಜಿಗ್ ನಗರದ ವೃದ್ಧ ವಿದ್ವಾಂಸರೊಬ್ಬರು ಕನ್ನಡ ಶಬ್ದಗಳ ಅರ್ಥ ಕೇಳಿ ನಮಗೆ ಕಾರ್ಡು ಬರೆಯುತ್ತಿದ್ದರು. 1990ರ ಮೊದಲಿನ ಕಾರ್ಡುಗಳ ಮೇಲೆ ಪೂರ್ವ ಜರ್ಮನಿಯ ಚೀಟಿ, ತರುವಾಯದವುಗಳ ಮೇಲೆ ಒಂದುಗೂಡಿದ ಜರ್ಮನಿಯ ಚೀಟಿ. ಅದೇ ಊರು, ಅದೇ ಕೈಬರಹ. ರಾಷ್ಟ್ರ ಮಾತ್ರ ಬೇರೆ. ರಾಜ್ಯ ಉರುಳಿದ ಕಾಲದಲ್ಲಿಯೂ ಆ ಪುಣ್ಯಾತ್ಮರು ಕೇಳಿದ್ದು 'ಅನುಭಾವ' ಎಂಬ ಶಬ್ದದ ಅರ್ಥವನ್ನು! ಬರಬರುತ್ತ ಅಕ್ಷರಗಳು ನಡುಗತೊಡಗಿದವು. ಕೊನೆಗೊಂದು ದಿನ ಅವರ ಮಗಳು ಬರೆದ ಕಾರ್ಡು ಬಂದಿತು. ತಂದೆಯವರು ಇಲ್ಲವಾದರೆಂದೂ, ಮೇಜಿನ ಮೇಲೆ ನಮ್ಮ ಓಲೆಗಳು ಜೋಡಿಸಿದಂತೆಯೇ ಇದ್ದವೆಂದೂ ಅದರಲ್ಲಿ ಬರೆದಿತ್ತು. ನಾವು ಅವರ ಮುಖವನ್ನು ಕಂಡವರಲ್ಲ. ಆದರೂ ಅಂದು ನಮಗೆ ಊಟ ರುಚಿಸಲಿಲ್ಲ.

ಮನೆಗಳಲ್ಲಿ ಇಂತಹ ಕಾರ್ಡುಗಳಿದ್ದರೆ ಚೀಟಿಯನ್ನು ಕತ್ತರಿಸಿ ತೆಗೆಯಬೇಡಿರಿ. ಚೀಟಿ, ಮುದ್ರೆ, ವಿಳಾಸ, ಒಕ್ಕಣೆ ನಾಲ್ಕೂ ಕೂಡಿದರೇ ಅದು ಚರಿತ್ರೆ. ಬರಿಯ ಲಕೋಟೆಯ ಮೇಲಿನ ಹಳೆಯ ಚೀಟಿಗಳನ್ನು ತಣ್ಣೀರಿನಲ್ಲಿ ನೆನೆಯಿಟ್ಟು ಬಿಡಿಸಿ, ನೆರಳಿನಲ್ಲಿ ಒಣಗಿಸಬಹುದು. ಇತ್ತೀಚಿನ ಅನೇಕ ಅಂಟುಚೀಟಿಗಳು ನೀರಿಗೆ ಬಿಡುವುದಿಲ್ಲ; ಅವುಗಳನ್ನು ಲಕೋಟೆಯ ಕಾಗದ ಸಹಿತವಾಗಿಯೇ ಇಡುವುದು ಲೇಸು.

ಡೆನ್ಮಾರ್ಕಿನ ಅಂಚೆ ಸಂಸ್ಥೆಯು 2025ರ ಕೊನೆಗೆ ಪತ್ರ ವಿತರಣೆಯನ್ನೇ ನಿಲ್ಲಿಸಿತು. ಹೊರದೇಶದಲ್ಲಿರುವ ನಮ್ಮವರ ಮಕ್ಕಳು ಈಗ ಕ್ಷಣಮಾತ್ರದಲ್ಲಿ ಮುಖ ತೋರಿಸಿ ಮಾತನಾಡುತ್ತಾರೆ. ಅದು ಸಂತೋಷವೇ. ಆದರೆ ತಾತನ ಕಾಲಾನಂತರ ಮೊಮ್ಮಗನು ಕೈಯಲ್ಲಿ ಹಿಡಿದು ನೋಡಲು ಏನು ಉಳಿದೀತು? ವರುಷಕ್ಕೊಂದು ಕಾರ್ಡನ್ನಾದರೂ ಬರೆಯುವಂತೆ ಮಕ್ಕಳಿಗೆ ತಾಯಂದಿರು ಹೇಳಲಿ.

ಇನ್ನು ಹಿರಿಯರ ಪ್ರಶ್ನೆಗೆ ಉತ್ತರ. ತನಗಾಗಿ ಬಚ್ಚಿಟ್ಟರೆ ಕಾಗದದ ಚೂರೂ ಪರಿಗ್ರಹವೇ ಸರಿ. ಹಂಚಿದರೆ ಅದು ದಾಸೋಹ. ಈ ಸಂಗ್ರಹವನ್ನು ಬರುವ ಬಸವ ಜಯಂತಿಯಂದು ನಮ್ಮೂರಿನ ಪ್ರಸಾದನಿಲಯದ ಮಕ್ಕಳಿಗೆ ಒಪ್ಪಿಸುವುದೆಂದು ನಿಶ್ಚಯಿಸಿದ್ದೇವೆ. ಲೈಪ್‌ಜಿಗ್ಗಿನ ಕಾರ್ಡುಗಳೂ ಅದರಲ್ಲಿ ಸೇರಿವೆ.